ಟೇಲರ್ ಹೇಳಿದ ಮಾತು

ಭೀಮಾ ಹೊಳೆ ದಾಟಿದರೆ ಪರದೇಶ ಎಂದು ನಮ್ಮ ಅತ್ತೆ ಹೇಳುತ್ತಿದ್ದಳು. ಆಕೆ ದಾಟದೆಯೇ ಸತ್ತಳು. ನಾನು ದಾಟಿ ಬಂದಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ವಿಮಾನ ಹತ್ತಿ ಹೋದವರು ಬರೆದದ್ದನ್ನು ಮೊಮ್ಮಗಳು ಓದಿ ಹೇಳುತ್ತಾಳೆ. ಅಲ್ಲಿ ಹಿಮ ಬೀಳುತ್ತದಂತೆ, ಮಂದಿ ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲವಂತೆ. ನಾನು ಹೋದ ಪರದೇಶದಲ್ಲಿ ಹಿಮ ಇರಲಿಲ್ಲ, ಸೊಳ್ಳೆ ಇದ್ದವು. ಮಂದಿ ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿದರು. ಹಾಗೆ ಮಾತಾಡಿದ್ದರಿಂದಲೇ ನಾವು ಉಳಿದೆವು.

ಎರಡನೇ ಇಯತ್ತೆಯ ಮೇಲೆ ನಾನು ಓದಿಲ್ಲ. ಉದ್ದ ಬರೆಯಲು ಬರುವುದಿಲ್ಲ, ನೆಟ್ಟಗೆ ಬರೆಯಲು ಬರುತ್ತದೆ.

ಯಾದಗಿರಿ, ಹೊಳೆಯ ಸೇತುವೆ

ನಮ್ಮೂರು ಯಾದಗಿರಿಯಿಂದ ಗುರುಮಠಕಲ್ ಕಡೆಗೆ. ಕೆಂಪು ಮಸಾರಿ ನೆಲ, ಕಲ್ಲು, ಬೋಳು ಗುಡ್ಡ. ಮಳೆ ಬಂದರೆ ಜೋಳ, ತೊಗರಿ ಪೂರಾ ಆಗುತ್ತವೆ. ಬರದಿದ್ದರೆ ಅರ್ಧ ಆಗುತ್ತವೆ. ಉಣ್ಣಲು ನಮಗೆ ಎಂದೂ ಕಡಿಮೆ ಬಿದ್ದಿಲ್ಲ. ಕಡಿಮೆ ಇರುವುದು ಕುಡಿಯುವ ನೀರು. ಊರು ಗುಡ್ಡದ ಮೇಲಿದೆ, ಬಾವಿ ಗುಡ್ಡದ ಕೆಳಗಿದೆ. ಊರು ಕಟ್ಟಿದವರು ಗಂಡಸರು, ನೀರು ಹೊರುವವರು ಹೆಂಗಸರು. ಕಟ್ಟಿದವರಿಗೆ ಏನು ಚಿಂತೆ.

ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟು ಕಟ್ಟಿ ಕಾಲುವೆ ಬಿಟ್ಟ ಮೇಲೆ ಶಹಾಪುರ, ಸುರಪುರದ ಕಡೆ ನೆಲದ ಬಣ್ಣವೇ ಬದಲಾಗಿದೆ ಎಂದು ಹೋಗಿಬಂದವರೆಲ್ಲ ಹೇಳುತ್ತಿದ್ದರು. ಕೇಳಿ ಕೇಳಿ ನನ್ನ ಮಗ ಹಣಮಂತನ ತಲೆಯಲ್ಲೂ ಕಾಲುವೆ ಹರಿಯತೊಡಗಿತು. ನನ್ನ ಸೊಸೆ ಶಾಂತವ್ವನ ತವರು ಸುರಪುರ. ಅಲ್ಲಿ ಆಕೆಯ ಅಣ್ಣ ಭೀಮರಾಯ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಸುರಪುರದ ಆಚೆ ಒಂದು ಎರೆಹೊಲ ಮಾರಾಟಕ್ಕಿದೆ, ಕಾಲುವೆ ನೀರಿದೆ, ನಿಮ್ಮ ಹೊಲ ಮಾರಿ ಅದನ್ನು ಹಿಡಿಯಿರಿ ಎಂದು ಅವನೇ ಗಂಟು ಹಾಕಿದ್ದ. ನಮ್ಮ ಹೊಲ ಕೊಳ್ಳಲು ಊರಲ್ಲಿ ಗಿರಾಕಿಯೂ ತಯಾರಿದ್ದ. ಎಲ್ಲ ಆಗಿತ್ತು, ನಾನೊಬ್ಬಳು ಬಾಕಿ.

ಹೊಲ ನನ್ನ ಹೆಸರಿಗಿದೆ. ನನ್ನ ಗಂಡ ಬದುಕಿನಲ್ಲಿ ಮಾಡಿದ ಶಾಣ್ಯಾ ಕೆಲಸ ಅದೊಂದೇ. ಹಾಗಾಗಿ ಹೊಸ ಹೊಲ ನಾನು ನೋಡಬೇಕು, ನಾನೇ ಎಲೆ ಕೊಡಬೇಕು. ನಮ್ಮ ಕಡೆ ಹೊಲ ಕೊಳ್ಳುವವರು ಎಲೆ ಅಡಿಕೆ ಒಯ್ಯುತ್ತಾರೆ, ಮಾರುವವರು ಅದನ್ನು ಹಿಡಿಯುತ್ತಾರೆ. ಎಲೆ ಕೈಗೆ ಬಂತೆಂದರೆ ಮಾತು ಕೈಗೆ ಬಂತು. ಕಾಗದಪತ್ರ ಆಮೇಲಿನ ಮಾತು. ಎಲೆ ಕೊಟ್ಟು ಹಿಂದೆ ಸರಿದವರ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ, ಹೆಣ್ಣು ತರುವುದೂ ಇಲ್ಲ.

ಹಿಂಗಾರಿ ಬಿತ್ತಿಗೆ ಮುಗಿದ ಮೇಲೆ ಒಂದು ಮುಂಜಾನೆ ಹೊರಟೆವು. ಬಸ್ಸು ಬದಲಿಸುವ ತ್ರಾಸು ಬೇಡ, ಎಲ್ಲರೂ ಟ್ರ್ಯಾಕ್ಟರಿನಲ್ಲೇ ಹೋಗೋಣ ಎಂದ ಹಣಮಂತ. ಬೀಗರ ಊರಿಗೆ ಟ್ರ್ಯಾಕ್ಟರ್ ತೋರಿಸುವ ಹುಕಿ ಅವನಿಗೆ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಡಬ್ಬಿಗೆ ನಾವು ಟೇಲರ್ ಎನ್ನುತ್ತೇವೆ. ಅದರಲ್ಲಿ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ, ನಾನು, ಶಾಂತವ್ವ, ಮೊಮ್ಮಗಳು ಸುನಂದಾ ಕೂತೆವು. ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಬುತ್ತಿ ಜೊತೆಗೆ. ಎಲೆ ಅಡಿಕೆಯನ್ನು ಹಸಿಬಟ್ಟೆಯಲ್ಲಿ ಸುತ್ತಿ ನನ್ನ ಮಡಿಲಲ್ಲೇ ಇಟ್ಟುಕೊಂಡೆ.

ಯಾದಗಿರಿ ದಾಟಿ ಸೇತುವೆ ಬಂತು. ನಾನು ಬಗ್ಗಿ ನೋಡಿದೆ. ಹೊಳೆ ಅಗಲವಿದೆ, ನೀರು ಕಡಿಮೆ, ಬಂಡೆ ಹೆಚ್ಚು. ಇಷ್ಟು ದಾಟಲು ನಮ್ಮ ಅತ್ತೆ ಅಷ್ಟು ಹೆದರಿದಳೇ ಅನ್ನಿಸಿತು. ಅಲ್ಲಿಂದಲೇ ಎಡಗಡೆಯ ಗಾಲಿ ಕಿರ್ ಎನ್ನಲು ಸುರುಮಾಡಿತು.

ಶಹಾಪುರ

ಶಹಾಪುರದಲ್ಲಿ ಗುಡ್ಡವೊಂದು ಅಂಗಾತ ಮಲಗಿದ ಮನುಷ್ಯನ ಹಾಗಿದೆ. ಹಣೆ, ಮೂಗು, ತುಟಿ, ಎದೆ ಎಂದು ಸುನಂದಾ ಬೆರಳಿಟ್ಟು ತೋರಿಸಿದಳು. ಮಲಗಿದ ಬುದ್ಧ ಎನ್ನುತ್ತಾರಂತೆ. ನಾನು ಬಹಳ ಹೊತ್ತು ನೋಡಿದೆ. ಕೆಳಗೆ ಕಾಲುವೆ ಬಂತು, ಭತ್ತ ಬಂತು, ಲಾರಿ ಬಂದವು, ಹೊಲದ ದರ ಏರಿತು. ಅವನು ಎದ್ದಿಲ್ಲ. ಬುದ್ಧ ಸುಮ್ಮನೆ ಆಗುವುದಿಲ್ಲ, ಬುದ್ಧಿ ಬೇಕು.

ಚಹಾದಂಗಡಿಯ ಮುಂದೆ ನಿಂತಾಗ ಗಾಲಿ ಹಾಡುತ್ತಿದೆ ನೋಡು ಎಂದು ಹಣಮಂತನಿಗೆ ಹೇಳಿದೆ. ಹಾಡಲಿ ಬಿಡು, ದಾರಿ ಬೇಸರ ಹೋಗುತ್ತದೆ ಎಂದ. ಅವನ ಅಪ್ಪನೂ ಹೀಗೆಯೇ. ಮನೆಯ ತೊಲೆ ಕಟಕಟ ಅಂದಾಗ ಹಲ್ಲಿ ಲೊಚಗುಟ್ಟಿತು, ಶುಭ ಅಂದಿದ್ದ. ಮರುವಾರ ತೊಲೆ ಬಿತ್ತು.

ಚಹಾ ಕುಡಿಯುತ್ತಿದ್ದ ಒಬ್ಬ ಮುದುಕ ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನೀವು ಎಷ್ಟನೇ ತೂಬು ಎಂದು ಕೇಳಿದ. ತೂಬು ಎಂದರೆ ಕಾಲುವೆಯಿಂದ ಹೊಲಕ್ಕೆ ನೀರು ಬಿಡುವ ಕಿಂಡಿ. ನಮ್ಮ ಕಡೆ ಹೊಸಬರು ಕಂಡರೆ ಮೊದಲು ಯಾವೂರು ಎನ್ನುತ್ತೇವೆ, ಆಮೇಲೆ ಯಾರ ಪೈಕಿ ಎನ್ನುತ್ತೇವೆ. ಕಾಲುವೆ ಸೀಮೆಯಲ್ಲಿ ಊರು, ಕುಲ, ದೈವ ಎಲ್ಲ ಹಿಂದೆ. ಮೊದಲು ತೂಬು. ಆ ಅಂಗಡಿಯಲ್ಲಿ ಕೂತವರು ಒಬ್ಬರನ್ನೊಬ್ಬರು ಕರೆಯುತ್ತಿದ್ದುದೂ ಹಾಗೆಯೇ: ಎರಡನೇ ತೂಬಿನ ಸಿದ್ದಪ್ಪ, ಒಂಬತ್ತನೇ ತೂಬಿನ ಕುಂಟ ಶರಣಪ್ಪ. ಎರಡನೆಯವನು ಬಂದಾಗ ಜಾಗ ಬಿಟ್ಟು ಸರಿದರು, ಒಂಬತ್ತನೆಯವನು ನಿಂತೇ ಚಹಾ ಕುಡಿದ. ನನಗೆ ವಿಚಿತ್ರ ಅನ್ನಿಸಿತು. ಯಾಕೆ ಹೀಗೆ ಎಂದು ಅಲ್ಲೇ ಕೇಳಬೇಕಿತ್ತು. ಚಹಾ ಬಿಸಿ ಇತ್ತು, ಅದರ ಕಡೆ ಲಕ್ಷ್ಯ ಹೋಯಿತು.

ನಮಗೆ ತೂಬಿಲ್ಲ, ಬಾವಿ ಇದೆ ಎಂದೆ. ಮುದುಕ ಅಯ್ಯೋ ಪಾಪ ಎಂದ. ಶಾಂತವ್ವ ತಲೆ ತಗ್ಗಿಸಿದಳು. ನಾನು ತಗ್ಗಿಸಲಿಲ್ಲ.

ವನದುರ್ಗದ ದಾರಿ ಬಿಟ್ಟು ಮುಂದೆ

ಸಗರಕ್ಕೆ ಹೋಗುವ ಮಂದಿ ಬಸ್ಸಿಳಿದು ಒಂದು ಕಡೆ ನಡೆದರು, ವನದುರ್ಗದ ಕೋಟೆಗೆ ಹೋಗುವ ದಾರಿ ಒಂದು ಕಡೆ ಹೊರಳಿತು. ಅದೂ ದಾಟಿ ಮುಂದೆ ಬಂದರೆ ಎರಡೂ ಕಡೆ ಹಸಿರು. ನಾನು ಸುಳ್ಳು ಹೇಳುವುದಿಲ್ಲ, ಕಣ್ಣು ತಂಪಾದವು. ಭತ್ತದ ಗದ್ದೆ, ಬೆಳ್ಳಕ್ಕಿ ಹಿಂಡು, ಬದುವಿನ ಮೇಲೆ ಎಮ್ಮೆ. ದಾರಿಯ ಪಕ್ಕದಲ್ಲೇ ಕಾಲುವೆ, ದಂಡೆ ತುಂಬ ನೀರು. ಅಷ್ಟು ನೀರು ಯಾರೂ ಹೊರದೆ ತಾನೇ ನಡೆದು ಹೋಗುವುದನ್ನು ನಾನು ಅಂದೇ ನೋಡಿದ್ದು. ಶಾಂತವ್ವ ಕೌದಿಯ ಮೇಲೆ ಮೊಣಕಾಲೂರಿ ಎದ್ದು ನೋಡುತ್ತಿದ್ದಳು. ಆಕೆಯ ಕುತ್ತಿಗೆಯ ಹಿಂದೆ ಕೊಡದ ಭಾರ ಒತ್ತಿ ಒತ್ತಿ ಒಂದು ಗಂಟು ಬಂದಿದೆ. ಆ ಗಂಟನ್ನು ಸೆರಗಿನಿಂದ ಮುಚ್ಚಿಕೊಳ್ಳುತ್ತಾಳೆ. ಅಂದು ಸೆರಗು ಗಾಳಿಗೆ ಹಾರಿತ್ತು, ಆಕೆಗೆ ಖಬರಿರಲಿಲ್ಲ.

"ಆಯಿ, ಹೊಗಿ," ಎಂದಳು ಸುನಂದಾ.

ಎಡಗಾಲಿಯಿಂದ ಹೊಗೆ ಬರುತ್ತಿತ್ತು. ಟೇಲರ್ ಒಂದು ಕಡೆ ವಾಲಿತು, ಮೊಸರಿನ ಗಡಿಗೆ ನನ್ನ ಮೇಲೆ, ನಾನು ಸೊಸೆಯ ಮೇಲೆ. ಹಣಮಂತ ನಿಲ್ಲಿಸಿದ. ಇಳಿದು ಗಾಲಿ ಮುಟ್ಟಿ ಕೈ ಸುಟ್ಟುಕೊಂಡ. ಬೇರಿಂಗ್ ಪುಡಿಯಾಗಿದೆ ಎಂದ. ಒಳಗಿನ ಗುಂಡುಗಳು ಹುರಿದ ಕಡಲೆಯ ಹಾಗೆ ಮಣ್ಣಿಗೆ ಉದುರಿದವು. ಹಾಡು ಮುಗೀತೇನು ಎಂದು ನಾನು ಕೇಳಿದೆ.

ಗಾಲಿ ಬಿಚ್ಚಬೇಕಾದರೆ ಟೇಲರ್ ಎತ್ತಬೇಕು. ಎತ್ತಲು ಜಾಕ್ ಬೇಕು. ಜಾಕ್ ಮನೆಯಲ್ಲಿತ್ತು, ಬೀಳದೆ ಉಳಿದ ತೊಲೆಗೆ ಆಸರೆ ಕೊಟ್ಟಿದ್ದೆವು.

ಬಂಡಿ ಕೆಟ್ಟು ನಿಂತರೆ ಗಾಲಿಗೆ ಕಲ್ಲು ಕೊಡಬೇಕು, ಹಿಂದೆ ದಾರಿಯ ಮೇಲೆ ಹಸಿರು ಟೊಂಗೆ ಮುರಿದಿಡಬೇಕು. ಅದನ್ನು ನಾನು ಮತ್ತು ಸುನಂದಾ ಮಾಡಿದೆವು. ಮೂರು ಮೋಟರ್‌ಸೈಕಲ್ ಬಂದವು, ಮೂರೂ ನಿಂತವು. ಅದನ್ನು ಒಪ್ಪಬೇಕು. ನಮ್ಮ ಕಡೆಯೂ ನಿಲ್ಲುತ್ತಾರೆ, ಆದರೆ ಬಯ್ಯಲು ನಿಲ್ಲುತ್ತಾರೆ: ನೋಡಿ ಹೊಡೆಯಬಾರದೇನು, ಎಣ್ಣೆ ಬಿಡಬಾರದೇನು. ಇಲ್ಲಿಯವರು ಎಷ್ಟನೇ ತೂಬು ಎಂದು ಕೇಳಿ, ತೂಬಿಲ್ಲ ಎಂದು ತಿಳಿದ ಮೇಲೆ ಪಾಪ ಎಂದು ಹೋದರು. ಟೇಲರ್ ಎತ್ತುವ ಮಾತು ಯಾರೂ ಎತ್ತಲಿಲ್ಲ.

ಕಾಲುವೆಯ ಏರಿ

ಸ್ವಲ್ಪ ಮುಂದೆ ಕಾಲುವೆ ಒಂದಾಳು ಎತ್ತರದಿಂದ ಕೆಳಕ್ಕೆ ಧುಮುಕುತ್ತದೆ. ಅಲ್ಲಿ ಒಬ್ಬ ಸಲಿಕೆ ಹಿಡಿದು ನಿಂತಿದ್ದ. ನಡುವಯಸ್ಸಿನವನು, ಧೋತರ ಮೇಲೆ ಕಟ್ಟಿದ್ದ. ಹಣಮಂತ ಟೇಲರಿನ ಕೆಳಗೆ ಮಲಗಿದ್ದ, ಶಾಂತವ್ವ ಹೊಸ ಮಂದಿಯ ಮುಂದೆ ಬಾಯಿ ತೆರೆಯುವವಳಲ್ಲ. ನಾನೇ ಏರಿ ಹತ್ತಿ ಹೋದೆ. ನೀರಿನ ಸದ್ದಿಗೆ ಕಿವಿ ಕೇಳುತ್ತಿರಲಿಲ್ಲ. ಒದರಬೇಕಾಯಿತು.

"ತಮ್ಮಾ, ಟೇಲರ್ ಕೆಟ್ಟದಪ್ಪಾ."

ಅವನು ಸಲಿಕೆ ಮೇಲೆ ಗದ್ದ ಊರಿ ನನ್ನನ್ನು ನೋಡಿದ. "ಟೇಲ್ ಕೆಟ್ಟು ಭಾಳ ವರ್ಷ ಆತು ಯವ್ವಾ. ಈಗ ಬಂದು ನನಗ ಹೇಳಿದ್ರ ನಾ ಏನ ಮಾಡ್ಲಿ?"

ಈ ಮನುಷ್ಯನಿಗೆ ಬಿಸಿಲು ಬಡಿದಿದೆ ಎಂದುಕೊಂಡೆ. "ಭಾಳ ವರ್ಷ ಎಲ್ಲಿದು? ಈಗಿನ್ನ ತಾಸ ಆಗಿಲ್ಲ. ಒಣಗಿ ಹಿಡಕೊಂಡದ."

"ಒಣಗದೇ ಏನ ಮಾಡತದ? ಮ್ಯಾಲಿನವರು ಒಂದ ಹನಿ ಬಿಟ್ರಲ್ಲೇನು?"

ಟೇಲರಿನ ಮೇಲೆ ಕೂತವರು ನಾವು. ನನಗೆ ಸಿಟ್ಟು ಬಂತು. "ಮ್ಯಾಲ ಕುಂತವರು ನಾವು ಮೂರ ಮಂದಿ ಹೆಣಮಕ್ಕಳು. ಎಣ್ಣಿ ಹನಿ ಬಿಡಾದು ನಮ್ಮ ಕೆಲಸ ಏನು? ನನ್ನ ಮಗ ಬಿಡಬೇಕಿತ್ತು, ಬಿಟ್ಟಿಲ್ಲ."

"ನಿನ್ನ ಮಗ ಎಷ್ಟನೇ ತೂಬು?"

"ಎಲ್ಲಾರಿಗೂ ತೂಬಿಂದೇ ಹುಚ್ಚು ಹಿಡದದೇನು ಇಲ್ಲಿ? ಗುರುಮಠಕಲ್ ಕಡಿಯವರು ನಾವು. ಟ್ರ್ಯಾಕ್ಟರ್ ಅಲ್ಲಿ ನಿಂತದ, ನೋಡು."

ಅವನು ನನ್ನ ಬೆರಳಿನ ದಿಕ್ಕಿಗೆ ನೋಡಿದ. ವಾಲಿದ ಟೇಲರ್ ಕಂಡಿತು. ಸಲಿಕೆ ಕೆಳಗೆ ಬಿಟ್ಟು, ಏರಿಯ ಮೇಲೆ ಕೂತು, ಹೊಟ್ಟೆ ಹಿಡಿದು ನಕ್ಕ. ನಗು ಮುಗಿಯುವವರೆಗೆ ನಾನು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದೆ.

"ಡಬ್ಬಿ ಅನ್ನು ಯವ್ವಾ. ನಾ ಟೇಲ್ ಅಂತ ತಿಳದೆ."

"ಟೇಲರ್ ಅಂದ್ರ ಟೇಲರ್. ಟೇಲ್ ಅಂದ್ರ ಏನು?"

ಆಮೇಲೆ ಹೇಳುತ್ತೇನೆ ನಡಿ ಎಂದ. ಅವನ ಹೆಸರು ಮರೆಪ್ಪ. ಗದ್ದೆಯಿಂದ ಇನ್ನಿಬ್ಬರನ್ನು ಕೂಗಿ ಕರೆದ, ಗುಡಿಸಲಿನಿಂದ ಒಂದು ತೊಲೆ ತಂದ. ಟೇಲರಿನ ಕೆಳಗೆ ತೊಲೆ ಕೊಟ್ಟು ನಾಲ್ವರೂ ಮೀಟಿದರು, ನಾನು ಅಡಿಗೆ ಕಲ್ಲು ಸರಿಸಿದೆ. ಗಾಲಿ ಬಿಚ್ಚಿತು. ಹಣಮಂತ ಟ್ರ್ಯಾಕ್ಟರ್ ಕೊಂಡಿ ಕಳಚಿ, ಒಡೆದ ಬೇರಿಂಗನ್ನು ಟವೆಲಿನಲ್ಲಿ ಕಟ್ಟಿಕೊಂಡು, ಅಂಥದೇ ಹೊಸದು ತರಲು ಸುರಪುರಕ್ಕೆ ಹೋದ. ಭೀಮರಾಯನನ್ನೂ ಅಲ್ಲಿಂದಲೇ ಕರೆದು ತರುತ್ತೇನೆ ಎಂದ.

ಮೂಗು ನೆಲಕ್ಕೂರಿದ ಟೇಲರಿನ ನೆರಳಲ್ಲಿ ನಾವು ಹೆಂಗಸರು ಉಳಿದೆವು. ಮರೆಪ್ಪನೂ ಕೂತ. ರೊಟ್ಟಿ ಕೊಟ್ಟೆ. ಜೋಳದ ರೊಟ್ಟಿ ನೋಡಿ ಅವನ ಮುಖ ಅರಳಿತು. ಭತ್ತ ಬಂದ ಮೇಲೆ ಮನೆಯಲ್ಲಿ ಅನ್ನವೇ ಆಗಿದೆ, ಸೊಸೆಯಂದಿರಿಗೆ ರೊಟ್ಟಿ ಬಡಿಯಲು ಬೇಸರ ಎಂದ. ಎಲ್ಲಿಗೆ ಹೊರಟಿರಿ ಎಂದು ಕೇಳಿದ. ಸುರಪುರದ ಆಚೆ ಸಿದ್ದಲಿಂಗಪ್ಪ ಎಂಬವರ ಹೊಲ ನೋಡಲು ಎಂದೆ.

ಅವನು ರೊಟ್ಟಿ ಮುರಿಯುವುದನ್ನು ಬಿಟ್ಟ.

"ಹನ್ನೊಂದನೇ ತೂಬಿನ ಸಿದ್ದಲಿಂಗಪ್ಪನ?"

ಸುನಂದಾ ಹೌದು ಎಂದಳು. ಆಕೆಯ ಸೋದರಮಾವ ಭೀಮರಾಯ ಬರೆದ ಕಾರ್ಡಿನಲ್ಲಿ ಹಾಗೆಯೇ ಇತ್ತಂತೆ.

"ಹಂಗಾರ ನಾ ಮೊದಲ ಹೇಳಿದ್ದೇ ಖರೆ ಆತು ಯವ್ವಾ. ಅದೇ ಟೇಲ್."

ಆಗ ತಿಳಿಸಿ ಹೇಳಿದ. ಕಾಲುವೆ ಮುಗಿಯುವ ಬಾಲದ ಕಡೆಗೆ ಟೇಲ್ ಎನ್ನುತ್ತಾರೆ. ನೀರು ಅಲ್ಲಿಗೂ ಹೋಗಬೇಕು ಎಂದು ಕಾಲುವೆ ತೋಡಿದ್ದಾರೆ. ಆದರೆ ಮೇಲಿನ ತೂಬಿನವರು ಜೋಳ ಬಿಟ್ಟು ಭತ್ತ ಹಚ್ಚಿದರು. ಭತ್ತಕ್ಕೆ ಎಷ್ಟು ನೀರಿದ್ದರೂ ಸಾಲದು. ಎಲ್ಲ ಮೇಲೆಯೇ ಮುಗಿಯುತ್ತದೆ. ತನ್ನದು ನಾಲ್ಕನೇ ತೂಬು, ತಾನೂ ಭತ್ತವೇ ಹಚ್ಚಿದ್ದೇನೆ ಎಂದು ಅವನು ಮುಚ್ಚಿಡಲಿಲ್ಲ. ಹನ್ನೊಂದಕ್ಕೆ ಹೋಗುವ ನೀರನ್ನು ಕುಡಿಯುವವರಲ್ಲಿ ನಾನೂ ಒಬ್ಬ, ನನಗೆ ಗೊತ್ತಿರದೆ ಯಾರಿಗೆ ಗೊತ್ತಿರುತ್ತದೆ ಎಂದ.

ಟೇಲರಿನ ನೆರಳು

ಮರೆಪ್ಪ ನೀರಿನ ಪಾಳಿಗೆ ಎದ್ದು ಹೋದ. ಶಾಂತವ್ವ ಬುತ್ತಿ ಬಟ್ಟೆ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ಆಕೆಗೆ ಸಿಟ್ಟು ಬಂದರೆ ಗಂಟು ಹಾಕುತ್ತಾಳೆ.

"ನಮ್ಮಣ್ಣನ ಮಾತಿಗಿಂತ ಹಾದಿ ಮಂದಿ ಮಾತು ದೊಡ್ಡದಾತೇನ್ರಿ ಅತ್ತಿ?"

"ಹಾದಿ ಮಂದಿಗಿ ನಮ್ಮಿಂದ ಏನೂ ಆಗಬೇಕಾಗಿಲ್ಲ. ಅದಕ್ಕ ಕೇಳಾಕತ್ತೇನಿ."

"ನಿಮಗ ಮೊದಲಿಂದ ಮನಸಿಲ್ಲ. ಒಂದ ನೆಪ ಬೇಕಿತ್ತು, ಸಿಕ್ತು."

ಅದು ಸುಳ್ಳು. ಮನಸ್ಸಿಲ್ಲದಿದ್ದರೆ ನಾನು ಎಲೆ ಕಟ್ಟಿಕೊಂಡು ಬರುತ್ತಿರಲಿಲ್ಲ. ಹಾಗೆಂದು ಹೇಳಿದೆ. ಆಕೆ ಕಾಲುವೆಯ ಕಡೆ ಮುಖ ಮಾಡಿ ಕೂತಳು. ಆಮೇಲೆ ಯಾರಿಗೋ ಹೇಳುವ ಹಾಗೆ, ನೀರಿಗೆ ಹೇಳುವ ಹಾಗೆ ಹೇಳಿದಳು: "ನಾ ಹೊತ್ತಿದ್ದು ಆತು. ಸುನಂದಾನೂ ಹೊರಬೇಕೇನ್ರಿ?"

ನಾನೂ ಹೊತ್ತಿದ್ದೇನೆ, ನಮ್ಮ ಅತ್ತೆಯೂ ಹೊತ್ತಿದ್ದಳು ಎನ್ನಲು ಬಾಯಿ ತೆರೆದೆ. ಅದು ಉತ್ತರ ಅಲ್ಲ ಎಂದು ನನಗೇ ಗೊತ್ತಾಯಿತು.

ಹತ್ತಿರದಲ್ಲಿ ಒಂದು ಕ್ಯಾಂಪ್ ಇತ್ತು. ಭತ್ತ ಬೆಳೆಯಲು ಆಂಧ್ರದಿಂದ ಬಂದು ನೆಲೆಸಿದವರ ಕೇರಿಗೆ ಕ್ಯಾಂಪ್ ಎನ್ನುತ್ತಾರೆ. ಅಲ್ಲಿಯ ಒಬ್ಬ ಹೆಂಗಸು ನಮ್ಮನ್ನು ನೋಡಿ ತಂಬಿಗೆ ತುಂಬ ಮಜ್ಜಿಗೆ ತಂದಳು. ಗುರುಮಠಕಲ್ ಕಡೆಯವರಿಗೆ ತೆಲುಗು ಬರುತ್ತದೆ, ನಾನು ಜೋರಿನಿಂದ ತೆಲುಗಿನಲ್ಲಿ ಮಾತಾಡಿದೆ. ಆಕೆ ಕಣ್ಣು ಅಗಲಿಸಿ ಕೇಳಿ, ಕೊನೆಗೆ ಕನ್ನಡದಲ್ಲಿ, ನಿಮ್ಮದು ಯಾವ ಭಾಷೆ ಅಮ್ಮಾ ಎಂದಳು. ಸುನಂದಾ ಮಜ್ಜಿಗೆ ಉಗುಳಿ ನಕ್ಕಳು. ಶಾಂತವ್ವ ಕೂಡ ಮುಖ ತಿರುಗಿಸಿದ್ದು ನಗುವನ್ನು ಮುಚ್ಚಲು ಎಂದು ನನಗೆ ಅನುಮಾನ.

ಹಣಮಂತ ಬಂದ. ಪಕ್ಕದ ಮಡ್‌ಗಾರ್ಡಿನ ಮೇಲೆ ಭೀಮರಾಯ ಕೂತಿದ್ದ, ಇಸ್ತ್ರಿ ಅಂಗಿ, ತಲೆಗೆ ಎಣ್ಣೆ. ಬೇರಿಂಗ್ ಕೂತಿತು, ಗಾಲಿ ಕೂತಿತು. ಮರೆಪ್ಪ ಮತ್ತೆ ಬಂದು ತೊಲೆ ಕೊಟ್ಟ. ಹೋಗುವಾಗ ನನ್ನ ಮುಖ ನೋಡಿದ. ಟೇಲಿನ ಮಾತನ್ನು ನಾನು ಹಣಮಂತನಿಗೂ ಹೇಳಲಿಲ್ಲ, ಭೀಮರಾಯನಿಗೂ ಹೇಳಲಿಲ್ಲ. ಬಾಯಿಯ ಮಾತಿಗೆ ಬಾಯಿಯಲ್ಲೇ ಉತ್ತರ ಇರುತ್ತದೆ. ಕಣ್ಣಿಗೆ ಕಂಡದ್ದಕ್ಕೆ ಇರುವುದಿಲ್ಲ.

ಹನ್ನೊಂದನೇ ತೂಬು

ಸುರಪುರ ದಾಟಿ ಒಳಗೆ ಹೋದೆವು. ಭೀಮರಾಯ ದಾರಿಯುದ್ದಕ್ಕೂ ಕಾಲುವೆ ತೋರಿಸಿದ. ನೋಡ್ರಿ ಅತ್ತಿ ಎನ್ನುತ್ತಿದ್ದ, ನಾನು ನೋಡುತ್ತಿದ್ದೆ. ಪ್ರತಿ ತೂಬಿಗೂ ಕಾಲುವೆ ಸಣ್ಣದಾಗುತ್ತಿತ್ತು. ಮೊದಲು ಎಮ್ಮೆ ಮುಳುಗುವಷ್ಟು, ಆಮೇಲೆ ಕರು ಮುಳುಗುವಷ್ಟು, ಆಮೇಲೆ ಕೋಳಿ. ಪಕ್ಕದ ಭತ್ತ ಹೋಗಿ ಹತ್ತಿ ಬಂತು, ಹತ್ತಿ ಹೋಗಿ ತೊಗರಿ ಬಂತು. ತೊಗರಿ ಕಂಡಾಗ ನಮ್ಮೂರಿಗೆ ಬಂದ ಹಾಗಾಯಿತು.

ಸಿದ್ದಲಿಂಗಪ್ಪ ಬಿಳಿ ಮೀಸೆಯ ಗಂಭೀರ ಮನುಷ್ಯ. ಬೇವಿನ ಮರದ ಕೆಳಗೆ ಚಾಪೆ ಹಾಸಿ ಕಾದಿದ್ದ. ಎರೆನೆಲ ಚೆನ್ನಾಗಿತ್ತು. ಮುಷ್ಟಿಯಲ್ಲಿ ಹಿಡಿದರೆ ಬೆಣ್ಣೆ. ಹೊಲಗಾಲುವೆ ಒಣಗಿತ್ತು. ನಾನು ಕೇಳುವ ಮೊದಲೇ ಭೀಮರಾಯ, ಈ ತೂಬಿನ ಪಾಳಿ ನಾಳೆಗೆ ಇದೆ, ನಾಳೆ ಬಂದರೆ ಮೊಣಕಾಲ ಮಟ ನೀರು ಎಂದ.

ಗಂಡಸರು ಚಾಪೆಯ ಮೇಲೆ ಕೂತರು. ಸಿದ್ದಲಿಂಗಪ್ಪನ ಹೆಂಡತಿ ಗುರುಬಾಯಿ ಹೊಲ ತೋರಿಸುತ್ತೇನೆ ಬರ್ರಿ ಎಂದು ನನ್ನನ್ನೂ ಶಾಂತವ್ವನನ್ನೂ ಕರೆದಳು. ಬಾಯ್ತುಂಬ ಮಾತಿನ ಹೆಂಗಸು. ಒಣಗಿದ ಕಾಲುವೆಯ ಒಳಗೇ ಇಳಿದು ನಡೆದೆವು. ಸ್ವಲ್ಪ ಮುಂದೆ ಕಾಲುವೆಯ ನಟ್ಟನಡುವೆ ಒಂದು ಹುತ್ತ ಇತ್ತು. ಸೊಂಟದ ಎತ್ತರ, ನುಣ್ಣಗೆ, ಮೇಲೆ ಗೋಪುರದಂಥ ಮೂರು ಕೋವಿ. ಅರಿಶಿನ ಕುಂಕುಮ ಹಚ್ಚಿದ್ದರು, ಒಣಗಿದ ಹೂವು, ಹತ್ತಿಯ ಎಳೆ ಸುತ್ತಿದ್ದರು.

ನಾನು ಚಪ್ಪಲಿ ಬಿಟ್ಟು ಕೈ ಮುಗಿದೆ. "ಪಂಚಮಿಗಿ ಇಲ್ಲೇ ಹಾಲ ಎರಿತೀರೇನ್ರಿ?"

"ಇಲ್ಲೇ ನೋಡ್ರಿ. ಮೊದಲ ಊರ ಹೊರಗ ಹೋಗತಿದ್ವಿ. ನಾಕ ಪಂಚಮಿ ಆದ್ವು, ನಾಗಪ್ಪ ತಾನೇ ನಮ್ಮ ಹೊಲಕ್ಕ ಬಂದು ಕುಂತಾನ. ಪುಣ್ಯದ ಹೊಲ ಇದು."

ಆಕೆಯ ಮುಖದಲ್ಲಿ ಕಪಟ ಇರಲಿಲ್ಲ. ಖುಷಿಯಿಂದ ಹೇಳಿದಳು. ನಾನು ಶಾಂತವ್ವನನ್ನು ನೋಡಿದೆ. ಆಕೆ ಹುತ್ತವನ್ನೇ ನೋಡುತ್ತಿದ್ದಳು. ಹಳ್ಳಿಯಲ್ಲಿ ಹುಟ್ಟಿದ ಹೆಣ್ಣುಮಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೀರು ಹರಿಯುವ ಕಡೆ ಗೆದ್ದಲು ಮನೆ ಕಟ್ಟುವುದಿಲ್ಲ. ನಾಲ್ಕು ಪಂಚಮಿಯ ಹುತ್ತ ಎಂದರೆ ನಾಲ್ಕು ವರ್ಷದ ಒಣ ಕಾಲುವೆ.

ಬೇವಿನ ಕೆಳಗೆ ವಾಪಸ್ ಬಂದೆವು. ಚಹಾ ಬಂತು. ಭೀಮರಾಯ ಗಂಟಲು ಸರಿಮಾಡಿಕೊಂಡು, ಅತ್ತಿ, ಎಲಿ ತಗೀರಿ ಎಂದ. ಎಲ್ಲರೂ ನನ್ನ ಮಡಿಲನ್ನು ನೋಡಿದರು. ಹಣಮಂತ ಹೊಸ ಅಳಿಯನ ಹಾಗೆ ನೆಟ್ಟಗೆ ಕೂತ. ಅವನಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ನಾನು ಹಸಿಬಟ್ಟೆಯ ಗಂಟು ಬಿಚ್ಚಿದೆ, ಎಲೆ ಬಾಡಿಲ್ಲ ಎಂದು ನೋಡಿದೆ, ಮತ್ತೆ ಗಂಟು ಹಾಕಿದೆ.

"ಸಿದ್ದಲಿಂಗಪ್ಪನವರ, ಇದು ಟೇಲ್ ಏನ್ರಿ?"

ಭೀಮರಾಯನ ಚಹಾದ ಬಸಿ ಬಾಯಿಯ ಹತ್ತಿರ ನಿಂತಿತು. ಸಿದ್ದಲಿಂಗಪ್ಪ ನನ್ನನ್ನು ನೋಡಲಿಲ್ಲ, ಅವನನ್ನು ನೋಡಿದ.

"ಯಾರ ಹೇಳಿದ್ರು ನಿಮಗ?"

"ನಮ್ಮ ಟೇಲರ್ ಹೇಳಿತ್ರಿ."

ಸುನಂದಾ ಸೆರಗಿಲ್ಲದ್ದಕ್ಕೆ ಅವ್ವನ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಬೇರೆ ಯಾರಿಗೂ ತಿಳಿಯಲಿಲ್ಲ, ನಾನೂ ತಿಳಿಸಲಿಲ್ಲ. ಸಿದ್ದಲಿಂಗಪ್ಪ ಮೀಸೆ ಸವರಿದ.

"ಹೌದ್ರಿ ಯವ್ವಾ, ಟೇಲೇ. ನೀರಿದ್ರ ನಾ ಯಾಕ ಮಾರತಿದ್ದೆ?"

ಕೇಳಿದರೆ ಸುಳ್ಳು ಹೇಳುವ ಮನುಷ್ಯ ಅಲ್ಲ. ಕೇಳದಿದ್ದರೆ ಹೇಳುವ ಮನುಷ್ಯನೂ ಅಲ್ಲ. ನಮ್ಮೂರಲ್ಲಿ ಎತ್ತು ಮಾರುವವರೂ ಹೀಗೆಯೇ, ಹಾಗಾಗಿ ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಚಹಾ ಚೆನ್ನಾಗಿದೆ ಎಂದು ಗುರುಬಾಯಿಗೆ ಹೇಳಿ ಎದ್ದೆ.

ಭೀಮರಾಯ ಟ್ರ್ಯಾಕ್ಟರಿನವರೆಗೂ ಹಿಂದೆ ಬಂದ. ತನ್ನ ಮರ್ಯಾದೆ ಹೋಯಿತು, ಹತ್ತು ಮಂದಿಯ ಮುಂದೆ ಹೀಗೆ ಮಾಡಬಾರದಿತ್ತು, ಮುಂದಿನ ವರ್ಷ ಸರಕಾರ ನೀರು ಬಿಡುತ್ತದೆ ಎಂದೆಲ್ಲ ಹೇಳಿದ. ಅವನಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಗೊತ್ತಿದ್ದರೆ ಕಳ್ಳ, ಗೊತ್ತಿಲ್ಲದಿದ್ದರೆ ದಡ್ಡ. ಎರಡರಲ್ಲಿ ಒಂದನ್ನು ಆರಿಸುವುದನ್ನು ತಂಗಿಗೇ ಬಿಟ್ಟೆ. ತಂಗಿ ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿ ಟೇಲರ್ ಹತ್ತಿದಳು.

ವಾಪಸ್, ಹೊಳೆಯ ಈಚೆ

ಹೊಸ ಬೇರಿಂಗಿನ ಗಾಲಿ ಸದ್ದು ಮಾಡಲಿಲ್ಲ. ಹೇಳಬೇಕಾದ್ದು ಹೇಳಿ ಮುಗಿಸಿದ ಹಾಗೆ ಸುಮ್ಮನೆ ಉರುಳಿತು. ಮರೆಪ್ಪನ ಗದ್ದೆ ಬಂದಾಗ ನಾನು ಕೈ ಎತ್ತಿದೆ. ಅವನು ದೂರದಿಂದ ಸಲಿಕೆ ಎತ್ತಿದ. ಸುನಂದಾ ಜೋರಾಗಿ ಕೂಗಿ ಹೇಳಿದಳು, ಟೇಲರ್ ಚಲೋ ಆಯಿತು ಎಂದು. ಅವನು ಏನು ಕೇಳಿಸಿಕೊಂಡನೋ.

ಶಹಾಪುರದ ಬುದ್ಧ ಇನ್ನೂ ಮಲಗಿದ್ದ. ಶಾಂತವ್ವ ಬುತ್ತಿ ಬಟ್ಟೆಗೆ ಗಂಟು ಹಾಕುತ್ತ ಬಿಚ್ಚುತ್ತ ಇದ್ದಳು. ನಾನು ಲೆಕ್ಕಕ್ಕೆ ಹಚ್ಚಿಕೊಳ್ಳಲಿಲ್ಲ. ಆದರೆ ಅವಳು ಕಾಲುವೆಗೆ ಹೇಳಿದ ಮಾತು ನನ್ನ ಕಿವಿಯಲ್ಲಿ ಗಾಲಿಯ ಹಾಗೆ ಕಿರ್ ಎನ್ನುತ್ತಿತ್ತು. ಹೊಲ ಬೇಡವೆಂದದ್ದು ಸರಿ. ಸುನಂದಾ ಯಾಕೆ ಹೊರಬೇಕು ಎಂಬುದಕ್ಕೆ ಮಾತ್ರ ನಾನಿನ್ನೂ ಏನೂ ಹೇಳಿರಲಿಲ್ಲ. ಹಾಡಲಿ ಬಿಡು ಅನ್ನಲು ನಾನು ಹಣಮಂತ ಅಲ್ಲ.

ಸೇತುವೆ ಬಂತು. ನಡುಹೊಳೆಯಲ್ಲಿ ನಾನು ಹಸಿಬಟ್ಟೆ ಬಿಚ್ಚಿದೆ. ಎರಡು ಎಲೆ, ಒಂದು ಅಡಿಕೆ ಬೆರಳಲ್ಲಿ ಹಿಡಿದು ಶಾಂತವ್ವನ ಮುಂದೆ ಚಾಚಿದೆ.

"ಪೆಟ್ಟಿಗ್ಯಾಗ ನನ್ನ ಬಂಗಾರದ ಬೋರಮಾಳ ಅದ, ಕೊರಳಾಗಿಂದು. ಅದನ್ನ ಮಾರಿ ಮನಿ ಮುಂದ ಬೋರ್ ಹೊಡಸ್ತೀನಿ."

ಆಕೆ ಎಲೆ ನೋಡಿದಳು, ನನ್ನ ಮುಖ ನೋಡಿದಳು. "ನೀರ ಬೀಳಲಿಲ್ಲಂದ್ರ?"

"ಬೀಳಲಿಲ್ಲಂದ್ರ ಕೈಯಾಗಿನ ಪಾಟ್ಲಿ ಅವ. ಹಿಡಿತಿಯೋ, ಹೊಳಿಗಿ ಒಗಿಲೋ?"

ಹಿಡಿದಳು. ಮಡಚಿ ಬಾಯಿಗೆ ಹಾಕಿಕೊಂಡಳು. ಉಳಿದ ಎಲೆ ನಾನು ಹಾಕಿಕೊಂಡೆ. ಹೊಲಕ್ಕೆಂದು ಒಯ್ದ ಎಲೆ, ಬಹಳ ರುಚಿ ಇತ್ತು.

ಬೋರಿಗೆ ನೀರು ಬಿತ್ತು. ಬೋರಮಾಳದಲ್ಲೇ ಮುಗಿಯಿತು, ಪಾಟ್ಲಿಗೆ ಕೈ ಹಾಕಬೇಕಾಗಲಿಲ್ಲ. ನೀರು ತುಸು ಸವಳು, ಬೇಳೆ ಬೇಯಲು ತಡಮಾಡುತ್ತದೆ. ಕೈಪಂಪು ಹೊಡೆದರೆ ತೋಳು ನೋಯುತ್ತವೆ, ಕುತ್ತಿಗೆ ನೋಯುವುದಿಲ್ಲ.

ಬೇಸಿಗೆಯಲ್ಲಿ ಭೀಮರಾಯ ತಂಗಿಯನ್ನು ನೋಡಲು ಬಂದ. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ತಂಬಿಗೆ ನೀರು ಕುಡಿದು, ಮುಖ ಕಿವುಚಿ, ಇದು ಎಷ್ಟನೇ ತೂಬಿನ ನೀರು ಎಂದು ಕೆಣಕಿದ. ಶಾಂತವ್ವ ಪಂಪಿನ ಹಿಡಿಕೆ ಬಿಡಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಒಂದನೇದು ಅಣ್ಣಾ," ಎಂದಳು. "ನಮ್ಮ ಮ್ಯಾಲ ಯಾರೂ ಇಲ್ಲ."